ಕುಲುಮೆಯವನ ರೆಪ್ಪೆ

ಸಂತೆಯ ಕೊನೆಗೆ, ಕತ್ತೆ ಕಟ್ಟುವ ಕಡೆ
ನನ್ನ ಜಾಗ.
ಗುಳ, ಕುಡುಗೋಲು, ಕೊಡಲಿಯ ಬಳೆ,
ಮತ್ತೆ ಹಳೇ ಚರ್ಮದ ಮೇಲೆ ಸಾಲಾಗಿ
ಚಿಮಟಗಳು. ಕಿರುಬೆರಳುದ್ದ.
ತುದಿ ಎಷ್ಟು ಸಣ್ಣವೆಂದರೆ
ಒಂದು ಟೆಫ್ ಕಾಳನ್ನು ಎತ್ತಿ
ಪಕ್ಕದ್ದನ್ನು ಬಿಡಬಲ್ಲವು.

ಹೆಂಗಸರು ಕೊಳ್ಳುತ್ತಾರೆ, ಕೊರಳಿನ ನೀಲಿ ದಾರದಲ್ಲಿ
ಶಿಲುಬೆಯ ಜೊತೆ ಕಟ್ಟಿಕೊಳ್ಳಲು.
ಕಾಸು ಕೈಗೆ ಕೊಡುವುದಿಲ್ಲ,
ಚರ್ಮದ ಮೇಲಿಡುತ್ತಾರೆ, ಮುಖ ಅತ್ತ ತಿರುಗಿಸಿ.
ಬೆನ್ನಿಗೆ ಮಗುವಿದ್ದರೆ ಹೊದಿಕೆ ಎಳೆದು ಮುಚ್ಚುತ್ತಾರೆ.
ಕುಲುಮೆಯವನ ಕಣ್ಣು ಕೆಟ್ಟದ್ದಂತೆ.
ರಾತ್ರಿ ನಾನು ಕತ್ತೆಕಿರುಬವಾಗಿ ತಿರುಗುತ್ತೇನಂತೆ.
(ರಾತ್ರಿ ನಾನು ಸೊಂಟಕ್ಕೆ ಬಿಸಿಬೂದಿಯ ಗಂಟು ಒತ್ತಿಕೊಂಡು
ಮಲಗಿರುತ್ತೇನೆ.)

ಆ ಬೇನೆ ಏನೆಂದು ಹೇಳಲಿ.
ನೊಣ, ಧೂಳು, ಮುಖ ತೊಳೆಯಲು ಸಾಲದ ನೀರು.
ಎಳವೆಯಲ್ಲಿ ಹತ್ತು ಸಲ ಕೆಂಪಾಗಿ ಹತ್ತು ಸಲ ಮಾಯುತ್ತದೆ ಕಣ್ಣು.
ಮಾಯ್ದ ಗಾಯ ಒಳಗೊಳಗೇ ಸೆಳೆದು
ಬಿಸಿಲಿಗಿಟ್ಟ ತೊಗಲಿನ ಹಾಗೆ
ರೆಪ್ಪೆಯ ಅಂಚು ಒಳಮಡಚುತ್ತದೆ.
ಆಮೇಲೆ ಬೇಲಿಯೇ ಎದ್ದು ಹೊಲ ಮೇಯುವುದು:
ಕಣ್ಣು ಕಾಯಬೇಕಾದ ಕೂದಲು
ಮಿಟುಕಿದಾಗೆಲ್ಲ ಕಣ್ಣನ್ನೇ ಗೀರುವುದು.
ದಿನಕ್ಕೆ ಎಷ್ಟು ಸಲ ಮಿಟುಕುತ್ತೀರಿ, ಎಣಿಸಿದ್ದೀರಾ?
ನಾನು ಎಣಿಸಿದ್ದೇನೆ.

ಹೌದು, ನನಗೂ ಅದೇ.
ಹೊಗೆಯಿಂದ ಎಂದುಕೊಂಡೆ, ಎರಡು ಮಳೆಗಾಲ.
ನಾನೇ ಬಡಿದ ಚಿಮಟ ಹಿಡಿದು
ಹೆಂಡತಿ ಸುಟ್ಟ ಮಡಕೆಯ ನೀರಲ್ಲಿ ಮುಖ ನೋಡಿ
ಕಿತ್ತುಕೊಂಡೆ. ಕಿತ್ತದ್ದು ಮೊಂಡಾಗಿ, ಇನ್ನೂ ಬಿರುಸಾಗಿ ಬಂತು.
ಕಬ್ಬಿಣ ಕಾದದ್ದು ಸಾಕೋ ಸಾಲದೋ
ಮಗನನ್ನು ಕೇಳಬೇಕಾಯಿತು.

ಸುಗ್ಗಿ ಮುಗಿದ ಮೇಲೆ ದೆಬ್ರೆ ತಾಬೊರಿನಿಂದ
ರೆಪ್ಪೆ ಹೊಲಿಯುವವರು ಬಂದು ಶಾಲೆಯಲ್ಲಿ ಇಳಿದರು.
ಸಾಲಿನಲ್ಲಿ ನನಗಿಂತ ಎರಡು ಮಾರು ಮುಂದೆ, ಬೇಕೆಂದೇ ಎರಡು ಮಾರು,
ಯೆಶಿಹರೆಗ್. ಅವಳ ಕೊರಳಲ್ಲಿ ನನ್ನ ಚಿಮಟ,
ಮೂರನೆಯದೋ ನಾಲ್ಕನೆಯದೋ.

ಮೇಜಿನ ಮೇಲೆ ಮಲಗಿದೆ.
ಗೋಡೆಯಲ್ಲಿ ಯಾವುದೋ ಮಗು ತಪ್ಪಾಗಿ ಬರೆದ ಏಳರ ಮಗ್ಗಿ.
ನರ್ಸ್ ಮುಲುಆಲೆಂ, ಎಳೆ ಹುಡುಗ, ಹಣೆಗೆ ದೀಪ ಕಟ್ಟಿಕೊಂಡು
ಕಸುಬೇನು ಎಂದ.
ಸುಳ್ಳು ನಾಲಿಗೆಯವರೆಗೆ ಬಂದಿತ್ತು.
ಕಬ್ಬಿಣ, ಎಂದೆ.
ಕೈ ನಿಂತಿತೇ? ನಿಂತ ಹಾಗಾಯಿತು.
"ಹಾಗಾದರೆ ಇದನ್ನು ನೋಡು" ಎಂದು ಅಲಗು ತೋರಿಸಿದ,
"ಒಂದು ಸಲ ಬಳಸಿ ಎಸೆಯುತ್ತೇವೆ."
ಎಸೆಯುತ್ತಾರೆ! ಅಂಥ ಬಾಯಿ ಕಟ್ಟಿದ ಉಕ್ಕನ್ನು.

ಚುಚ್ಚಿದ. ರೆಪ್ಪೆ ದಪ್ಪವಾಯಿತು, ಬೇರೆಯವರದ್ದಾಯಿತು.
ಮಗುಚಿ, ಒಳಗಿನ ಹಳೇ ಬಿಳಿ ಗೆರೆಗಳನ್ನು ನೋಡಿದ.
ಅಂಚಿನಿಂದ ಒಂದು ಎಳ್ಳಿನಷ್ಟು ಮೇಲೆ ಕೊಯ್ದು
ಹೊರಕ್ಕೆ ಹೊರಳಿಸಿ ಹೊಲಿದ.
ನಾನು ಗುಳದ ಮೂತಿ ಹೊರಳಿಸುವುದೂ ಹೀಗೇ,
ನನಗೆ ಬೆಂಕಿ ಬೇಕು. ಅವನಿಗೆ ಬೇಕಾದದ್ದು
ನನ್ನ ಕಣ್ಣಿಗೆ ಗೇಣು ದೂರದಲ್ಲಿ ತನ್ನ ಕಣ್ಣಿಟ್ಟು
ಉಸಿರು ಹಿಡಿದು ನೋಡುವುದು.
ಅರ್ಧ ತಾಸು.

ಐವತ್ತೆರಡು ವರ್ಷದಲ್ಲಿ ಹೆಂಡತಿ ಬಿಟ್ಟರೆ
ಯಾರೂ ಅಷ್ಟು ಹೊತ್ತು ಅಲ್ಲಿ ನೋಡಿರಲಿಲ್ಲ.
ಅವನಿಗೆ ಏನೂ ಆಗಲಿಲ್ಲ.
ಬೆವರಿದ, ಅಷ್ಟೆ. ಪಕ್ಕದ ಹುಡುಗಿ ಒರೆಸಿದಳು.

ಮಾರನೆಯ ದಿನ ಪಟ್ಟಿ ಬಿಚ್ಚುವ ತನಕ
ಜಗಲಿಯಲ್ಲಿ ಹದಿನಾರು ಜನ, ತಲೆಗೊಂದು ಕಣ್ಣು.
ಬೆಂಚಿನ ಆ ತುದಿಗೆ ಯೆಶಿಹರೆಗ್, ಈ ತುದಿಗೆ ನಾನು.
ಹುರಿದ ಬಾರ್ಲಿ ಹಂಚಿದರು. ಅವಳದು ಚೆಲ್ಲಿತು,
ಒಂಟಿಕಣ್ಣಿಗೆ ದೂರ ತಿಳಿಯುವುದಿಲ್ಲ.
ಆರಿಸಿ ಕೊಟ್ಟೆ, ಅಂಗೈಯಿಂದ ಅಂಗೈಗೆ.
ತೆಗೆದುಕೊಂಡಳು.
ನಾನೆಂದು ಗೊತ್ತಿತ್ತೋ ಇಲ್ಲವೋ. ಕೇಳಲಿಲ್ಲ.

ಈಗ ಚಿಮಟಕ್ಕೆ ಗಿರಾಕಿ ಕಡಿಮೆ.
ಹೋದ ಸಂತೆಯಲ್ಲಿ ಎರಡು ಹೋದವು;
ಮಗನ ಕಾಲಿನ ಮುಳ್ಳಿಗೆ ಎಂದಳು ಒಬ್ಬಳು, ನೆಲ ನೋಡುತ್ತ.
ನಷ್ಟವೇ. ಸುಳ್ಳೇಕೆ, ಸಿಟ್ಟೂ ಬಂತು.
ಆದರೆ ನಿನ್ನೆ, ಕಬ್ಬಿಣ ಕೆಂಡದಲ್ಲಿ
ಒಣಮೆಣಸಿನ ಬಣ್ಣಕ್ಕೆ ಬಂದು, ಅಲ್ಲಿಂದ ಕಿತ್ತಳೆಗೆ ಏರಿದ್ದು
ನಾನೇ ಕಂಡೆ, ಮಗ ಬಾಯಿ ತೆರೆಯುವ ಮೊದಲು.
ಹೊಡಿ, ಎಂದೆ.
ಕಿಡಿ ಹಾರಿತು. ಮಿಟುಕಿದೆ.
ಇನ್ನೊಂದು ಸಲ, ಸುಮ್ಮನೆ, ಮಿಟುಕಿದೆ.